ಹೂವಿನ ಎಣ್ಣೆಗೆ ‘ನೈಸರ್ಗಿಕ’ ಅನ್ನುವ ಹೆಸರು ಬಂದದ್ದು ಹೇಗೆ?

ಮೊಬೈಲ್ ಬರುವ ತನಕ ಮನೆಯ ಫೋನನ್ನು ಯಾರೂ ‘ಲ್ಯಾಂಡ್‌ಲೈನ್’ ಅಂತ ಕರೆಯುತ್ತಿರಲಿಲ್ಲ. ಅದು ಬರೀ ಫೋನು. ಸುಗಂಧದ ಕತೆಯೂ ಹಾಗೇ. 150 ವರ್ಷದ ಹಿಂದೆ ‘ನೈಸರ್ಗಿಕ ಸುಗಂಧ’ ಅಂದಿದ್ದರೆ ಕೇಳಿದವರಿಗೆ ಅರ್ಥವೇ ಆಗುತ್ತಿರಲಿಲ್ಲ. ಸುಗಂಧ ಅಂದರೆ ಹೂವು, ಬೇರು, ತೊಗಟೆ, ಮರದ ಅಂಟು, ಕಸ್ತೂರಿ, ಪುನುಗು. ಬೇರೆ ದಾರಿಯೇ ಇರಲಿಲ್ಲ. ಇವತ್ತು ಆ ಪದ ಬಾಟಲಿಗಳ ಮೇಲೆ ದೊಡ್ಡದಾಗಿ ಕಾಣುತ್ತದೆ. ಆದರೆ ಅದರ ಅರ್ಥ ಏನು ಅಂತ ಕೇಳಿ ನೋಡಿ. ಈ ಕೆಲಸದಲ್ಲೇ ಮುಳುಗಿರುವವರೂ ಒಂದೇ ಉತ್ತರ ಕೊಡುವುದಿಲ್ಲ. ಈ ಗೊಂದಲ ಸುಮ್ನೆ ಹುಟ್ಟಿದ್ದಲ್ಲ. ಅದಕ್ಕೆ ಉದ್ದದ ಹಿನ್ನೆಲೆ ಇದೆ.

ಹೆಸರು ಉಳಿದುಬಂದಿರುವ ಅತ್ಯಂತ ಹಳೆಯ ಸುಗಂಧಗಾರ್ತಿ ತಪ್ಪೂತಿ. ಸುಮಾರು 3200 ವರ್ಷದ ಹಿಂದಿನ ಮೆಸೊಪೊಟೇಮಿಯಾದ ಮಣ್ಣಿನ ಫಲಕವೊಂದರಲ್ಲಿ ಅವಳ ಹೆಸರಿದೆ. ಆರನೇ ಶತಮಾನದಲ್ಲಿ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ಗಂಧಯುಕ್ತಿಗೆ, ಅಂದರೆ ಸುಗಂಧ ಬೆರೆಸುವ ಕಲೆಗೆ, ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಅದರಲ್ಲಿ ನನಗೆ ತುಂಬಾ ಇಷ್ಟವಾಗುವ ಒಂದು ಲೆಕ್ಕ ಬರುತ್ತದೆ. 16 ದ್ರವ್ಯಗಳಲ್ಲಿ ಯಾವುದಾದರೂ 4 ಆರಿಸಿಕೊಂಡರೆ 1820 ಜೋಡಣೆ ಸಾಧ್ಯ ಅನ್ನುತ್ತಾನೆ. ಗಣಿತದ ಇತಿಹಾಸ ಬರೆಯುವವರು ಈಗಲೂ ಈ ಲೆಕ್ಕವನ್ನು ನೆನೆಯುತ್ತಾರೆ. ಆದರೆ ಅವನು ಅಲ್ಲಿ ಎಣಿಸುತ್ತಿದ್ದದ್ದು ಘಮಗಳನ್ನು, ಅಲ್ವಾ? ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನ ವಿದ್ವಾಂಸ ಅಲ್ ಕಿಂದಿಯ ಹೆಸರಿನಲ್ಲಿ ಬಂದ ಪುಸ್ತಕದಲ್ಲಂತೂ ನೂರಕ್ಕೂ ಜಾಸ್ತಿ ಪಾಕಗಳಿವೆ. ಬಟ್ಟಿ ಇಳಿಸುವ ಪಾತ್ರೆಗಳ ವಿವರವೂ ಇದೆ.

ಬಟ್ಟಿ ಇಳಿಸುವ ಕೆಲಸವನ್ನು ಹತ್ತಿರದಿಂದ ನೋಡಬೇಕಾದರೆ ಉತ್ತರ ಪ್ರದೇಶದ ಕನ್ನೌಜ್‌ನ ಅತ್ತರಿನ ವಿಧಾನವನ್ನೇ ನೋಡಬೇಕು. ದೊಡ್ಡ ತಾಮ್ರದ ಹಂಡೆ, ಅದರ ಹೆಸರು ದೇಗ್. ಅದರೊಳಗೆ ಹೂವು, ನೀರು. ಮುಚ್ಚಳದ ಸಂದಿಗೆ ಜೇಡಿಮಣ್ಣು ಮೆತ್ತುತ್ತಾರೆ. ಅಲ್ಲಿಂದ ಹಗ್ಗ ಸುತ್ತಿದ ಬಿದಿರಿನ ಕೊಳವೆ ಇಳಿದು ಬಂದು ನೀರಿನ ತೊಟ್ಟಿಯಲ್ಲಿ ಮುಳುಗಿರುವ ಇನ್ನೊಂದು ತಾಮ್ರದ ಪಾತ್ರೆಗೆ ಸೇರುತ್ತದೆ. ಅದು ಭಪ್ಕಾ. ಹಳೆಯ ಪದ್ಧತಿಯಲ್ಲಿ ಭಪ್ಕಾದಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಇರುತ್ತದೆ. ಹೂವಿನ ಹಬೆ ಬಂದು ತಣಿದು ಆ ಎಣ್ಣೆಗೆ ಸೇರುತ್ತದೆ. ಆಮೇಲೆ ತಳದ ತೂತಿನಿಂದ ನೀರನ್ನು ಮಾತ್ರ ಹರಿಯಬಿಡುತ್ತಾರೆ. ಎಣ್ಣೆ ಅಲ್ಲೇ ಉಳಿಯುತ್ತದೆ. ಮರುದಿನ ಹೊಸ ಹೂವು, ಅದೇ ಎಣ್ಣೆ. ಹೀಗೆ ದಿನಗಟ್ಟಲೆ. ಉರಿ ಜಾಸ್ತಿಯಾಯಿತೋ ಕಮ್ಮಿಯಾಯಿತೋ ಅನ್ನುವುದನ್ನು ಒಳಗಿನ ಸದ್ದು ಕೇಳಿ, ಪಾತ್ರೆ ಮುಟ್ಟಿ ತಿಳಿದುಕೊಳ್ಳುತ್ತಾರೆ. ಸುಟ್ಟ ಮಣ್ಣನ್ನೇ ಹಂಡೆಗೆ ಹಾಕಿ ಮೊದಲ ಮಳೆಯ ವಾಸನೆಯ ಅತ್ತರು ತೆಗೆಯುವುದೂ ಇದೇ ಪಾತ್ರೆಗಳಲ್ಲಿ.

ಎಲ್ಲ ಹೂವೂ ಈ ಬಿಸಿಯನ್ನು ತಡೆಯುವುದಿಲ್ಲ. ಮಲ್ಲಿಗೆ, ಸುಗಂಧರಾಜ ಬೆಂದರೆ ಅವುಗಳ ಘಮ ಕೆಡುತ್ತದೆ. ಆದರೆ ಇವೆರಡಕ್ಕೆ ಇನ್ನೊಂದು ಗುಣ ಇದೆ. ಗಿಡದಿಂದ ಕಿತ್ತ ಮೇಲೂ ಗಂಟೆಗಟ್ಟಲೆ ಹೊಸ ಘಮ ಬಿಡುತ್ತಲೇ ಇರುತ್ತವೆ. ಫ್ರಾನ್ಸಿನ ಗ್ರಾಸ್ ಊರಿನವರು ಇದನ್ನೇ ಹಿಡಿದುಕೊಂಡರು. ಗ್ರಾಸ್ ಮೊದಲು ಚರ್ಮ ಹದ ಮಾಡುವವರ ಊರು. ಚರ್ಮದ ವಾಸನೆ ಮುಚ್ಚಲು ಕೈಗವಸಿಗೆ ಪರಿಮಳ ಹಚ್ಚುತ್ತಿದ್ದರು. ಕೈಗವಸು ಹಿಂದೆ ಸರಿಯಿತು, ಪರಿಮಳ ಮುಂದೆ ಬಂತು. ಅಲ್ಲಿ ಬೆಳೆದ ಒಂದು ವಿಧಾನದ ಹೆಸರು ಆನ್‌ಫ್ಲೋರಾಜ್. ಮರದ ಚೌಕಟ್ಟಿನಲ್ಲಿ ಗಾಜು ಕೂರಿಸಿ, ಅದರ ಮೇಲೆ ವಾಸನೆಯಿಲ್ಲದ ಕೊಬ್ಬನ್ನು ಸವರುತ್ತಾರೆ. ಬಿಡಿ ಹೂವುಗಳನ್ನು ಒಂದೊಂದಾಗಿ ಅದರ ಮೇಲೆ ಜೋಡಿಸುತ್ತಾರೆ. ಹೂವು ಉಸಿರಾಡಿದಂತೆ ಬಿಟ್ಟ ಘಮವನ್ನು ಕೊಬ್ಬು ಹೀರಿಕೊಳ್ಳುತ್ತದೆ. ಮಲ್ಲಿಗೆಯಾದರೆ ಒಂದು ದಿನ ಕಳೆದ ಮೇಲೆ ಬಾಡಿದ ಹೂವನ್ನು ಒಂದೊಂದಾಗಿ ಕೈಯಲ್ಲೇ ಎತ್ತಿ ಹೊಸ ಹೂವು ಇಡಬೇಕು. ಕೊಬ್ಬು ಇನ್ನು ಹೀರಲಾರದು ಅನ್ನುವಷ್ಟು ಆದಾಗ ಅದನ್ನು ಆಲ್ಕೋಹಾಲಿನಲ್ಲಿ ತೊಳೆದು ಘಮವನ್ನು ಬಿಡಿಸಿಕೊಳ್ಳುತ್ತಾರೆ. ಎಷ್ಟು ಕೈಗಳ ಕೆಲಸ ಅಂತ ಯೋಚಿಸಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ದ್ರಾವಕದಿಂದ ಘಮ ತೆಗೆಯುವುದು ಕಾರ್ಖಾನೆಯ ಮಟ್ಟಕ್ಕೆ ಬಂದಾಗ ಆನ್‌ಫ್ಲೋರಾಜ್ ನಿಧಾನವಾಗಿ ಮರೆಯಾಯಿತು. ದ್ರಾವಕ ಬಂದರೂ ಹೂವು ರಾಶಿಗಟ್ಟಲೆ ಬೇಕೇ ಬೇಕು. ಒಂದು ಕಿಲೋ ಮಲ್ಲಿಗೆ ಸಾರಕ್ಕೆ ಸುಮಾರು 600 ಕಿಲೋಗೂ ಮೇಲೆ ಹೂವು ಬೇಕು. ಬಿಡಿ ಹೂವಿನ ಲೆಕ್ಕದಲ್ಲಿ ಅದು 50 ಲಕ್ಷದ ಹತ್ತಿರ.

ಅಷ್ಟರಲ್ಲಿ ಪ್ರಯೋಗಶಾಲೆಯಲ್ಲಿ ಬೇರೆಯೇ ಕೆಲಸ ನಡೆದಿತ್ತು. ಕೃತಕ ನೇರಳೆ ಬಣ್ಣ ಕಂಡುಹಿಡಿದ ವಿಲಿಯಂ ಪರ್ಕಿನ್ 1868ರಲ್ಲಿ ಕೂಮರಿನ್ ತಯಾರಿಸಿದ. ತೊಂಕಾ ಬೀಜದಲ್ಲಿರುವ, ಒಣಹುಲ್ಲಿನ ಹಾಗೆ ಘಮಿಸುವ ವಸ್ತು ಅದು. 1874ರಲ್ಲಿ ಜರ್ಮನಿಯ ಟೀಮಾನ್ ಮತ್ತು ಹಾರ್ಮಾನ್ ಪೈನ್ ಮರದಿಂದ ಸಿಗುವ ಒಂದು ವಸ್ತುವಿನಿಂದ ವೆನಿಲಾದ ಘಮ ಕೊಡುವ ವೆನಿಲಿನ್ ಮಾಡಿದರು. 1882ರಲ್ಲಿ ಉಬಿಗಾಂ ಕಂಪನಿಯ ‘ಫುಜೇರ್ ರಾಯಾಲ್’ ಸೆಂಟಿನಲ್ಲಿ ಕೃತಕ ಕೂಮರಿನ್ ಸೇರಿತು. 1888ರಲ್ಲಿ ಆಲ್ಬರ್ಟ್ ಬಾವರ್ ಸ್ಫೋಟಕಗಳ ಮೇಲೆ ಕೆಲಸ ಮಾಡುತ್ತಿದ್ದಾಗ ಕಸ್ತೂರಿಯ ವಾಸನೆಯ ವಸ್ತುವೊಂದು ಸಿಕ್ಕಿತು. 1921ರ ‘ಶನೆಲ್ ನಂ. 5’ ಹೊತ್ತಿಗೆ ಆಲ್ಡಿಹೈಡ್‌ಗಳು ಅನ್ನುವ ಕೃತಕ ಘಮದ ವಸ್ತುಗಳು ಸೆಂಟಿನ ಮುಖವೇ ಆಗಿಬಿಟ್ಟವು. ಅದರಲ್ಲಿ ಗ್ರಾಸ್‌ನ ಮಲ್ಲಿಗೆಯೂ ಇತ್ತು ಅನ್ನುವುದನ್ನು ಮರೆಯಬಾರದು. ಮೊದಮೊದಲು ಎರಡೂ ಜೊತೆಯಾಗೇ ನಡೆದವು. ಆಮೇಲೆ ವರ್ಷ ಕಳೆದಂತೆ ಬಾಟಲಿಯಲ್ಲಿ ಹೂವಿನ ಪಾಲು ಇಳಿಯುತ್ತಾ ಹೋಯಿತು.

ಇದನ್ನು ಬರೀ ನಷ್ಟದ ಕತೆ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಕಸ್ತೂರಿಗಾಗಿ ಗಂಡು ಕಸ್ತೂರಿಮೃಗವನ್ನು ಕೊಂದು ಗ್ರಂಥಿ ಕೀಳುತ್ತಿದ್ದರು. ಪುನುಗಿನ ಬೆಕ್ಕನ್ನು ಗೂಡಿನಲ್ಲಿ ಕೂಡಿಹಾಕಿ ಕೆರೆದು ತೆಗೆಯುತ್ತಿದ್ದರು. ಅದೇ ವಾಸನೆ ಪ್ರಯೋಗಶಾಲೆಯಲ್ಲಿ ಸಿಕ್ಕರೆ ಒಳ್ಳೆಯದೇ. ಕೆಲವೇ ಮಂದಿಯ ಕೈಗೆ ಎಟಕುತ್ತಿದ್ದ ಸೆಂಟು ಎಲ್ಲರ ಮನೆಗೂ ಬಂದದ್ದು ಇದೇ ರಸಾಯನಶಾಸ್ತ್ರದಿಂದ. ಆದರೆ ಒಂದು ಮಾತ್ರ ಕೈತಪ್ಪಿತು. ಹೂವಿನ ಎಣ್ಣೆ ಎಷ್ಟು ಜಟಿಲವಾದದ್ದು ಅನ್ನುವುದು ನಮ್ಮ ಮೂಗಿಗೆ ಮರೆತೇಹೋಯಿತು.

ಒಂದು ಸಂಜೆ ನಾನು ಎರಡು ಕಾಗದದ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟೆ. ಒಂದರ ಮೇಲೆ ಗುಲಾಬಿ ಎಣ್ಣೆಯ ಒಂದು ಹನಿ. ಇನ್ನೊಂದರ ಮೇಲೆ ಫಿನೈಲ್ ಈಥೈಲ್ ಆಲ್ಕೋಹಾಲ್, ಗುಲಾಬಿಯದೇ ವಾಸನೆಯ ಒಂಟಿ ವಸ್ತು. ಎರಡನೆಯದು ಚೆನ್ನಾಗೇ ಇತ್ತು. ಸಿಹಿ, ಮೃದು. ಒಂದು ಗಂಟೆ ಬಿಟ್ಟು ಮೂಸಿದರೂ ಅದೇ. ಎಣ್ಣೆಯ ಪಟ್ಟಿ ಹಾಗಲ್ಲ. ಮೊದಲು ಹಸಿರು ಎಲೆ, ಒಂಚೂರು ನಿಂಬೆ, ಒಂಚೂರು ಕಾಳುಮೆಣಸು. ಆಮೇಲೆ ಜೇನು. ರಾತ್ರಿ ಹೊತ್ತಿಗೆ ಮೇಣದಂಥ ಬೆಚ್ಚನೆಯ ವಾಸನೆ. ಗುಲಾಬಿ ಎಣ್ಣೆಯಲ್ಲಿ ನೂರಾರು ವಸ್ತುಗಳಿವೆ. ಅದರಲ್ಲಿ ಡಮಾಸಿನೋನ್ ಅನ್ನುವುದನ್ನು ವಿಜ್ಞಾನಿಗಳು ಗುರುತಿಸಿದ್ದು 1970ರಲ್ಲಿ. ಎಣ್ಣೆಯಲ್ಲಿ ಅದು ಶೇಕಡಾ ಒಂದರಷ್ಟೂ ಇಲ್ಲ. ಆದರೂ ಗುಲಾಬಿ ಗುಲಾಬಿಯ ಹಾಗೆ ಘಮಿಸುವುದರಲ್ಲಿ ಅದರ ಪಾಲು ತುಂಬಾ ದೊಡ್ಡದು. ಇನ್ನೊಂದು ವಿಚಿತ್ರ ಇದೆ. ನಾನು ಪಕ್ಕದ ಪಟ್ಟಿಗೆ ಹಚ್ಚಿದ್ದ ಆ ಫಿನೈಲ್ ಈಥೈಲ್ ಆಲ್ಕೋಹಾಲ್ ಬಟ್ಟಿ ಇಳಿಸುವಾಗ ಬಹುಪಾಲು ನೀರಿನಲ್ಲೇ ಕರಗಿ ಹೋಗುತ್ತದೆ. ಅದಕ್ಕೇ ಪನ್ನೀರಿಗೆ ಅಷ್ಟು ಘಮ. ಅದಕ್ಕೇ ಎಣ್ಣೆ ಗಿಡದ ಮೇಲಿನ ಹೂವಿನಂತೆ ಪೂರ್ತಿ ಇರುವುದಿಲ್ಲ.

ಇಪ್ಪತ್ತನೇ ಶತಮಾನದ ಕೊನೆಯಲ್ಲಿ ಅರೋಮಾಥೆರಪಿಯ, ಅಂದರೆ ಘಮದ ಎಣ್ಣೆಗಳಿಂದ ಆರೈಕೆ ಮಾಡಿಕೊಳ್ಳುವ ಪದ್ಧತಿಯ, ಅಲೆ ಬಂತು. ಅಲ್ಲಿಯ ತನಕ ಡ್ರಮ್ಮುಗಳಲ್ಲಿ ಕಂಪನಿಯಿಂದ ಕಂಪನಿಗೆ ಹೋಗುತ್ತಿದ್ದ ಎಣ್ಣೆಗಳು ಚಿಕ್ಕ ಬಾಟಲಿಗಳಲ್ಲಿ ಸಾಮಾನ್ಯರ ಕೈಗೂ ಸಿಗತೊಡಗಿದವು. ಅಮೆರಿಕದ ಸುಗಂಧಗಾರ್ತಿ ಮ್ಯಾಂಡಿ ಆಫ್ಟೆಲ್ ನೈಸರ್ಗಿಕ ಸುಗಂಧದ ಬಗ್ಗೆ 2001ರಲ್ಲಿ ಬರೆದ ಪುಸ್ತಕ ಎಷ್ಟೋ ಜನರನ್ನು ಈ ದಾರಿಗೆ ತಂದಿತು. ದೊಡ್ಡ ಕಂಪನಿಗಳ ಹೊರಗೆ ಒಬ್ಬೊಬ್ಬರೇ ಮೇಜಿನ ಮುಂದೆ ಕೂತು, ಹನಿ ಎಣಿಸಿ, ಪುಸ್ತಕದಲ್ಲಿ ಬರೆದಿಟ್ಟು, ವಾರಗಟ್ಟಲೆ ಹಣ್ಣಾಗಲು ಬಿಟ್ಟು ಸೆಂಟು ಕಟ್ಟುವ ಒಂದು ಬಳಗ ಬೆಳೆಯಿತು. ಅವರ ಮಾತು ಕೇಳಬೇಕು. ಈ ವರ್ಷದ ಲಾವಂಚ ಹೋದ ವರ್ಷದ್ದಕ್ಕಿಂತ ಹೊಗೆ ಹೊಗೆಯಾಗಿದೆ ಅನ್ನುತ್ತಾರೆ. ಪಚೌಲಿ ಎಲೆಯ ಎಣ್ಣೆ ಹಳೆಯದಾದಷ್ಟೂ ಮೆತ್ತಗಾಗುತ್ತದೆ ಅಂತ ಬಾಟಲಿಯನ್ನು ವರ್ಷಗಟ್ಟಲೆ ಎತ್ತಿಡುತ್ತಾರೆ. ಐರಿಸ್ ಹೂವಿನ ಗಡ್ಡೆಯನ್ನು ಅಗೆದು ವರ್ಷಗಟ್ಟಲೆ ಒಣಗಿಸಿಡದೆ ಅದರ ಘಮ ಸರಿಯಾಗಿ ಬರುವುದಿಲ್ಲ. ಕೈಗೆ ಎಟಕದ ಹೂವುಗಳೂ ಇವೆ. ಲಿಲಿ ಆಫ್ ದ ವ್ಯಾಲಿಯಿಂದ ಬಳಸುವಷ್ಟು ಎಣ್ಣೆ ತೆಗೆಯಲು ಆಗಿಲ್ಲ. ಅದು ಬೇಕಾದರೆ ಬೇರೆ ಎಣ್ಣೆಗಳಿಂದ ಅದರ ನೆರಳನ್ನು ಕಟ್ಟಬೇಕು. 2018ರಲ್ಲಿ ಗ್ರಾಸ್ ಸೀಮೆಯ ಹೂವಿನ ಬೇಸಾಯ, ಘಮ ತೆಗೆಯುವ ಜ್ಞಾನ, ಸುಗಂಧ ಕಟ್ಟುವ ಕಲೆ ಮೂರೂ ಯುನೆಸ್ಕೋದ ಪಾರಂಪರಿಕ ಪಟ್ಟಿಗೆ ಸೇರಿದವು. ಹೂವು ಬೆಳೆಯುವವರನ್ನೂ ಸೇರಿಸಿದ್ದು ನನಗೆ ಸರಿ ಅನಿಸಿತು.

ಈಗ ಆ ಪದದ ಜಗಳಕ್ಕೆ ಬರೋಣ. ಮಲ್ಲಿಗೆಯ ಸಾರವನ್ನು ಈಗ ಬಹುಪಾಲು ತೆಗೆಯುವುದು ಹೆಕ್ಸೇನ್ ಅನ್ನುವ ದ್ರಾವಕದಿಂದ. ಹೆಕ್ಸೇನ್ ಪೆಟ್ರೋಲಿಯಂನಿಂದ ಬಂದದ್ದು. ಕೊನೆಗೆ ಅದನ್ನು ಆವಿ ಮಾಡಿ ತೆಗೆಯುತ್ತಾರೆ, ನಿಜ. ಆದರೂ ಇದು ನೈಸರ್ಗಿಕವೇ? ಕೆಲವರು ಹೌದು ಅನ್ನುತ್ತಾರೆ. ಕೆಲವರು ಹಬೆ, ಕೊಬ್ಬು, ಆಲ್ಕೋಹಾಲ್ ಬಿಟ್ಟು ಬೇರೇನೂ ಬೇಡ ಅನ್ನುತ್ತಾರೆ. ಗಿಡದ ಎಣ್ಣೆಯಿಂದಲೇ ಬೇರ್ಪಡಿಸಿದ ಒಂಟಿ ವಸ್ತುವಿನ ಬಗ್ಗೆಯೂ ಇದೇ ಚರ್ಚೆ. ಐಎಸ್‌ಒ 9235 ಅನ್ನುವ ಅಂತರರಾಷ್ಟ್ರೀಯ ಮಾನದಂಡ ನೈಸರ್ಗಿಕ ಕಚ್ಚಾವಸ್ತುಗಳನ್ನು ಹೆಸರಿಸಿ ವಿವರಿಸುತ್ತದೆ. ದ್ರಾವಕದಿಂದ ತೆಗೆದ ಸಾರಕ್ಕೂ ಅದರಲ್ಲಿ ಜಾಗ ಇದೆ. ‘ಕೆಮಿಕಲ್ ಇಲ್ಲ’ ಅನ್ನುವ ಮಾತನ್ನಂತೂ ನಾನು ಒಪ್ಪುವುದಿಲ್ಲ. ಗುಲಾಬಿ ಎಣ್ಣೆಯೂ ಕೆಮಿಕಲ್‌ಗಳೇ, ನೂರಾರು. ಹಾಗೆ ಬರೆದು ಮಾರುವುದು ಕೊಳ್ಳುವವರಿಗೂ ಗಿಡಕ್ಕೂ ಮಾಡುವ ಅನ್ಯಾಯ.

ಗಿಡದ್ದು ಅಂದ ಮಾತ್ರಕ್ಕೆ ಚರ್ಮಕ್ಕೆ ಹಿತ ಅಂತಲೂ ಇಲ್ಲ. ಓಕ್ ಮರಗಳ ಮೇಲೆ ಬೆಳೆಯುವ, ನಮ್ಮ ಕಲ್ಲುಹೂವಿನ ಜಾತಿಯ ಓಕ್‌ಮಾಸ್ ಹಳೆಯ ಸೆಂಟುಗಳ ಬೆನ್ನೆಲುಬಾಗಿತ್ತು. ಅದರಲ್ಲಿರುವ ಅಟ್ರನಾಲ್, ಕ್ಲೋರೋಅಟ್ರನಾಲ್ ಕೆಲವರಿಗೆ ಗಟ್ಟಿ ಅಲರ್ಜಿ ತರುತ್ತವೆ. 1973ರಲ್ಲಿ ಶುರುವಾದ ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಸ್ಥೆ ಇಫ್ರಾ ಅದರ ಪ್ರಮಾಣಕ್ಕೆ ಮಿತಿ ಹಾಕಿತು. 2017ರಲ್ಲಿ ಯುರೋಪಿಯನ್ ಒಕ್ಕೂಟ ಆ ಎರಡು ವಸ್ತುಗಳನ್ನೇ ನಿಷೇಧಿಸಿತು. ಈಗ ಅವನ್ನು ತೆಗೆದ ಓಕ್‌ಮಾಸ್ ಸಿಗುತ್ತದೆ. ಚಿಕ್ಕ ತಯಾರಕರಿಗೆ ಪರೀಕ್ಷೆ, ಲೇಬಲ್ಲುಗಳ ಈ ನಿಯಮಗಳು ನಿಜಕ್ಕೂ ಭಾರ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಮೈಮೇಲೆ ದದ್ದು ಎದ್ದವರ ಮಾತಿಗೂ ಬೆಲೆ ಇದೆ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಕಾಡಿನದು. ಅಮೆಜಾನಿನ ರೋಸ್‌ವುಡ್ ಮರವನ್ನು ಎಣ್ಣೆಗಾಗಿ ಕಡಿದು ಕಡಿದು, ಕೊನೆಗೆ 2010ರಲ್ಲಿ ಅದನ್ನು ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಪಟ್ಟಿಗೆ ಸೇರಿಸಬೇಕಾಯಿತು. ಅಗರುವಿನ ಕತೆ ಇನ್ನೂ ಕಠಿಣ. ಆರೋಗ್ಯವಾಗಿರುವ ಅಗರು ಮರದಲ್ಲಿ ಆ ಘಮವೇ ಇರುವುದಿಲ್ಲ. ಮರಕ್ಕೆ ಗಾಯವಾಗಿ, ಶಿಲೀಂಧ್ರ ಹೊಕ್ಕಾಗ, ಅದನ್ನು ತಡೆಯಲು ಮರ ಕಪ್ಪು ರಾಳ ಸುರಿಸುತ್ತದೆ. ಆ ರಾಳ ತುಂಬಿದ ತಿರುಳೇ ಅಗರು. ಯಾವ ಮರದೊಳಗೆ ರಾಳ ಇದೆ ಅನ್ನುವುದು ಹೊರಗಿನಿಂದ ಸುಲಭವಾಗಿ ತಿಳಿಯುವುದಿಲ್ಲ. ಹಾಗಾಗಿ ಒಂದು ಸಿಗಲಿ ಅಂತ ಸುತ್ತಲಿನ ಮರಗಳನ್ನೂ ಕಡಿದರು. 1995ರಲ್ಲಿ ಅದರ ಒಂದು ಜಾತಿ ಸೈಟಿಸ್ ಪಟ್ಟಿ ಸೇರಿತು, ಆಮೇಲೆ ಇಡೀ ಕುಲ ಸೇರಿತು. ಈಗ ಏಷ್ಯಾದ ಹಲವು ಕಡೆ ಅಗರನ್ನು ತೋಟದಲ್ಲೇ ಬೆಳೆಸುತ್ತಾರೆ. ಕಾಂಡದಲ್ಲಿ ಸಣ್ಣ ಸಣ್ಣ ತೂತು ಕೊರೆದು, ಶಿಲೀಂಧ್ರವನ್ನು ತಾವೇ ಒಳಗೆ ಬಿಟ್ಟು, ರಾಳ ಕಟ್ಟಲಿ ಅಂತ ಕಾಯುತ್ತಾರೆ. ಒಳ್ಳೆಯ ತಯಾರಕರ ಲೇಬಲ್ಲಿನಲ್ಲಿ ಈಗ ‘ಅಗರು’ ಅನ್ನುವ ಪದದ ಪಕ್ಕದಲ್ಲೇ ಅದು ಕಾಡಿನದೋ ತೋಟದ್ದೋ, ಯಾವ ದೇಶದ್ದು, ಯಾವ ವರ್ಷ ಬಟ್ಟಿ ಇಳಿಸಿದ್ದು ಅನ್ನುವುದೂ ಇರುತ್ತದೆ. ಬಾಟಲಿ ಕೈಗೆತ್ತಿಕೊಂಡಾಗ ನಾನು ಮೊದಲು ಓದುವುದು ಆ ಸಾಲನ್ನೇ.