ಇಪ್ಪತ್ತರಲ್ಲಿ ಹದಿಮೂರು ಲೋಟ ಸಾಕಾ?

ಕಳೆದ ಫೆಬ್ರವರಿಯಲ್ಲಿ ಕೊಡಗಿನ ಚೆಟ್ಟಳ್ಳಿ ಹತ್ತಿರದ ಒಂದು ಹೋಂಸ್ಟೇಗೆ ಹೋಗಿದ್ದೆ. ಕಣದ ತುಂಬಾ ರೋಬಸ್ಟಾ ಕಾಫಿ ಹರಡಿತ್ತು. ಮನೆಯ ಅಕ್ಕ ಒಂದು ನೋಟ್‌ಬುಕ್ ತಂದು ಮುಂದಿಟ್ಟರು. ಅವರದು ಚಿಕ್ಕ ತೋಟ. ಸ್ವಂತ ಕಾಫಿಪುಡಿ ಪ್ಯಾಕ್ ಮಾಡಿ ಅತಿಥಿಗಳಿಗೆ ಮಾರುತ್ತಾರೆ. ಇಲ್ಲಿಯವರೆಗೆ ಮಾರಿದ್ದು ಚಿಕೋರಿ ಬೆರೆಸಿದ ಪುಡಿ. ಇನ್ನು ಮುಂದೆ ಅಪ್ಪಟ ಪುಡಿ ಮಾತ್ರ ಮಾರಿದರೆ ಹೇಗೆ ಅನ್ನೋ ಯೋಚನೆ ಬಂದಿತ್ತು. 20 ಜನರಿಗೆ ಎರಡೂ ಕಾಫಿ ಕೊಟ್ಟು ಕೇಳಿದ್ದರು. 13 ಜನ ಅಪ್ಪಟ ಕಾಫಿ ಮೆಚ್ಚಿದರು, 7 ಜನ ಹಳೆಯದನ್ನು.

"ಇಷ್ಟು ಸಾಕಲ್ವಾ? ಹೊಸ ಲೇಬಲ್ ಪ್ರಿಂಟ್ ಮಾಡಿಸ್ಲಾ?" ಅಂತ ಕೇಳಿದರು.

"ಸ್ವಲ್ಪ ತಡೀರಿ ಅಕ್ಕಾ" ಅಂದೆ. ಒಂದು ರೂಪಾಯಿ ನಾಣ್ಯವನ್ನು 20 ಸಲ ಚಿಮ್ಮಿಸಿ ಅಂದುಕೊಳ್ಳಿ. ಯಾವುದೋ ಒಂದು ಮುಖ 13 ಸಲ ಅಥವಾ ಅದಕ್ಕಿಂತ ಜಾಸ್ತಿ ಬೀಳುವುದು ಅಪರೂಪವೇನಲ್ಲ. ನೂರರಲ್ಲಿ ಸುಮಾರು 26 ಸಲ ಹಾಗಾಗುತ್ತದೆ. ಅಂದರೆ ಅತಿಥಿಗಳಿಗೆ ಎರಡೂ ಒಂದೇ ಅನ್ನಿಸಿದ್ದು, ಸುಮ್ನೆ ಬಾಯಿಗೆ ಬಂದದ್ದು ಹೇಳಿದ್ದರೂ ಇಂಥ ಲೆಕ್ಕ ಬರಬಹುದಿತ್ತು. ಅದೇ 100 ಜನರಲ್ಲಿ 65 ಜನ ಅಪ್ಪಟ ಕಾಫಿ ಅಂದಿದ್ದರೆ? ಶೇಕಡಾವಾರು ಒಂದೇ, 65. ಆದರೆ ನಾಣ್ಯ ಹಾಗೆ ಬೀಳುವುದು ಸಾವಿರದಲ್ಲಿ ಮೂರು ನಾಲ್ಕು ಸಲ ಮಾತ್ರ. ಆಗ ಆಕಸ್ಮಿಕ ಅನ್ನೋದು ಕಷ್ಟ.

ಹೈಪಾಥಿಸಿಸ್ ಟೆಸ್ಟ್ ಅನ್ನೋದರ ತಿರುಳು ಇಷ್ಟೇ. "ವ್ಯತ್ಯಾಸವೇ ಇಲ್ಲ" ಅಂತ ಮೊದಲು ಒಪ್ಪಿಕೊಂಡು ಹೊರಡಬೇಕು. ಇದಕ್ಕೆ ನಲ್ ಹೈಪಾಥಿಸಿಸ್ ಅನ್ನುತ್ತಾರೆ. ಅದು ನಿಜವಾಗಿದ್ದರೆ ನಮ್ಮ ಕೈಗೆ ಬಂದಂಥ ಲೆಕ್ಕ, ಅಥವಾ ಅದಕ್ಕಿಂತ ವಿಪರೀತದ್ದು, ಎಷ್ಟು ಸಲ ಬರುತ್ತಿತ್ತು? ಆ ಸಂಖ್ಯೆಯೇ ಪಿ-ವ್ಯಾಲ್ಯೂ.

ಕುಡಿಯುವವರಿಗೆ ಯಾವ ಕಾಫಿ ಇಷ್ಟ ಅನ್ನೋ ಪ್ರಶ್ನೆಯನ್ನು ಕೊಡಗಿನಲ್ಲಿ ಕೇಳಲು ಶುರುವಾಗಿ ಜಾಸ್ತಿ ವರ್ಷವಾಗಿಲ್ಲ. ಅದಕ್ಕೆ ಕಾರಣ ಇದೆ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿದಾಗ, 1940ರಲ್ಲಿ ಕಾಫಿಯನ್ನೆಲ್ಲ ಒಂದೇ ಪೂಲ್‌ಗೆ ಕೊಡುವ ವ್ಯವಸ್ಥೆ ಬಂತು. 1942ರ ಕಾಫಿ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಬೆಳೆಗಾರರು ಬೆಳೆ ಒಪ್ಪಿಸುತ್ತಿದ್ದರು, ಕಾಫಿ ಬೋರ್ಡ್ ಮಾರುತ್ತಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ನಮ್ಮ ಕಾಫಿ ಯಾರು ಕುಡಿಯುತ್ತಾರೆ, ಅವರಿಗೆ ಏನಿಷ್ಟ ಅಂತ ತೋಟದವರು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. 1992ರಿಂದ ಈ ಹಿಡಿತ ಸಡಿಲವಾಗುತ್ತಾ ಬಂದು, 1996ರ ಹೊತ್ತಿಗೆ ಬೆಳೆಗಾರರು ಪೂರ್ತಿ ಸ್ವತಂತ್ರರಾದರು. ಕುಡಿಯುವವರ ಮನಸ್ಸು ತಿಳಿಯುವ ಕೆಲಸವೂ ಆಗಲೇ ತೋಟದ ಗೇಟಿನ ಒಳಗೆ ಬಂತು.

ನನಗೆ ಖುಷಿ ಕೊಡುವ ವಿಷಯ ಏನೆಂದರೆ, ಹೈಪಾಥಿಸಿಸ್ ಟೆಸ್ಟ್‌ನ ಈ ವಿದ್ಯೆ ಹುಟ್ಟಿದ್ದೇ ಇಂಥ ಜಾಗದಲ್ಲಿ. ಹೊಲ, ಬೆಳೆ, ಲೋಟ. ವಿಲಿಯಂ ಗಾಸೆಟ್ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಗೆ 1899ರಲ್ಲಿ ಸೇರಿದವರು. ಬಾರ್ಲಿ ಮತ್ತು ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವಿನ ಪರೀಕ್ಷೆ ಮಾಡುವಾಗ ಸಿಗುತ್ತಿದ್ದದ್ದು ನಾಲ್ಕೋ ಐದೋ ಸ್ಯಾಂಪಲ್. ಅಷ್ಟು ಕಮ್ಮಿ ಲೆಕ್ಕದಿಂದ ಎಷ್ಟು ಧೈರ್ಯವಾಗಿ ಮಾತಾಡಬಹುದು ಅಂತ ಅವರು ಯೋಚಿಸಿದರು. ಕಂಪನಿ ತನ್ನ ನೌಕರರಿಗೆ ಸ್ವಂತ ಹೆಸರಲ್ಲಿ ಪ್ರಕಟಿಸಲು ಬಿಡುತ್ತಿರಲಿಲ್ಲ. ಹಾಗಾಗಿ 1908ರಲ್ಲಿ "ಸ್ಟೂಡೆಂಟ್" ಅನ್ನೋ ಹೆಸರಲ್ಲಿ ಬರೆದರು. ಕಮ್ಮಿ ಸ್ಯಾಂಪಲ್ ಇದ್ದಾಗ ಬಳಸುವ ಟಿ-ಟೆಸ್ಟ್‌ಗೆ ಇವತ್ತಿಗೂ ಸ್ಟೂಡೆಂಟ್ ಅನ್ನೋ ಹೆಸರೇ ಅಂಟಿಕೊಂಡಿದೆ.

ಇನ್ನೊಂದು ಕತೆ ಚಹಾದ್ದು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1919ರಿಂದ ಕೆಲಸ ಮಾಡುತ್ತಿದ್ದರು. ಅಲ್ಲಿನ ವಿಜ್ಞಾನಿ ಮ್ಯೂರಿಯಲ್ ಬ್ರಿಸ್ಟಲ್, ಕಪ್ಪಿಗೆ ಮೊದಲು ಹಾಲು ಹಾಕಿದರೋ ಚಹಾ ಹಾಕಿದರೋ ಅಂತ ಕುಡಿದು ಹೇಳಬಲ್ಲೆ ಅಂದರು. ಹಾಗಾದರೆ ನೋಡೋಣ ಅಂತ ಪರೀಕ್ಷೆ ನಡೆಯಿತು. 1935ರಲ್ಲಿ ಫಿಶರ್ ತಮ್ಮ ಪುಸ್ತಕದಲ್ಲಿ ಇದನ್ನೇ ಉದಾಹರಣೆ ಮಾಡಿಕೊಂಡರು. 8 ಕಪ್, ನಾಲ್ಕು ಹೀಗೆ, ನಾಲ್ಕು ಹಾಗೆ, ಕೊಡುವ ಕ್ರಮ ಅಡ್ಡಾದಿಡ್ಡಿ. 8ರಲ್ಲಿ 4 ಆರಿಸುವುದಕ್ಕೆ 70 ದಾರಿ. ಊಹೆಯ ಮೇಲೆ ಎಲ್ಲವೂ ಸರಿಯಾಗುವುದು 70ಕ್ಕೆ ಒಂದು ಸಲ. ನಾಲ್ಕರಲ್ಲಿ ಕನಿಷ್ಠ ಮೂರು ಸರಿಯಾಗುವುದಾದರೆ 70ಕ್ಕೆ 17 ಸಲ, ಅಂದರೆ ಅದನ್ನು ನಂಬುವ ಹಾಗಿಲ್ಲ. ಆಕೆ ಎಲ್ಲವನ್ನೂ ಸರಿಯಾಗಿ ಹೇಳಿದರಂತೆ. ಪುಸ್ತಕದಲ್ಲಿ ಫಿಶರ್ ಅದನ್ನು ಬರೆದಿಲ್ಲ.

ಪಿ-ವ್ಯಾಲ್ಯೂ 20ಕ್ಕೆ ಒಂದಕ್ಕಿಂತ, ಅಂದರೆ ಶೇಕಡಾ 5ಕ್ಕಿಂತ ಕಮ್ಮಿಯಿದ್ದರೆ ಲೆಕ್ಕವನ್ನು ಬರೀ ಆಕಸ್ಮಿಕ ಅನ್ನಬೇಡಿ ಅನ್ನೋ ಗೆರೆಯೂ ಫಿಶರ್ ಅವರದೇ. 1925ರ ಪುಸ್ತಕದಲ್ಲಿ ಅದನ್ನು ಅನುಕೂಲಕ್ಕೆ ಅಂತ ಇಟ್ಟುಕೊಂಡರು. ಮುಂದೆ ಜನ ಅದನ್ನು ಶಾಸನದ ಹಾಗೆ ಹಿಡಿದುಕೊಂಡರು. 1933ರಲ್ಲಿ ಜೆರ್ಜಿ ನೇಮನ್ ಮತ್ತು ಈಗನ್ ಪಿಯರ್ಸನ್ ಅನ್ನೋ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಬೇರೆ ದಾರಿ ತೋರಿಸಿದರು. ತಪ್ಪು ಎರಡು ಥರ ಆಗುತ್ತದೆ ಅಂದರು ಅವರು. ಇಲ್ಲದ ವ್ಯತ್ಯಾಸವನ್ನು ಇದೆ ಅನ್ನೋದು ಒಂದು. ಅಕ್ಕನ ಮಟ್ಟಿಗೆ ಅದು ಸುಮ್ನೆ ಲೇಬಲ್‌ಗೆ ದುಡ್ಡು ಸುರಿದ ಹಾಗೆ. ಇರುವ ವ್ಯತ್ಯಾಸ ಕಾಣದೇ ಹೋಗುವುದು ಇನ್ನೊಂದು. ಅಪ್ಪಟ ಕಾಫಿ ಕೇಳಿಕೊಂಡು ಬರುವ ಗಿರಾಕಿ ಕೈತಪ್ಪಿದ ಹಾಗೆ. ಯಾವ ತಪ್ಪು ನಮಗೆ ಜಾಸ್ತಿ ದುಬಾರಿ ಅಂತ ಮೊದಲೇ ಯೋಚಿಸಬೇಕು. ವ್ಯಾಪಾರ ಮಾಡುವವರಿಗೆ ಈ ಮಾತು ಶೇಕಡಾ 5ರ ಗೆರೆಗಿಂತ ಎಷ್ಟೋ ಉಪಯೋಗಕ್ಕೆ ಬರುತ್ತದೆ ಅಂತ ನನ್ನ ನಂಬಿಕೆ.

ಈ ಕತೆಯಲ್ಲಿ ನಮ್ಮ ನೆಲದವರೂ ಇದ್ದಾರೆ. ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್, ಮಹಲನೋಬಿಸ್ ಅವರು ಕಲ್ಕತ್ತಾದಲ್ಲಿ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಸೇರಿದರು. ಅವರು 1948ರಲ್ಲಿ ಕೊಟ್ಟ "ಸ್ಕೋರ್ ಟೆಸ್ಟ್" ಅನ್ನೋ ಹೈಪಾಥಿಸಿಸ್ ಟೆಸ್ಟ್ ಇಂದಿಗೂ ಪಾಠದಲ್ಲಿದೆ.

ರುಚಿ ನೋಡುವ ಕೆಲಸಕ್ಕೇ ಹೊಂದುವ ಇನ್ನೊಂದು ಪರೀಕ್ಷೆ 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯಲ್ಲಿ ಬೆಳೆಯಿತು. ಮೂರು ಲೋಟ ಕೊಡುತ್ತಾರೆ. ಎರಡು ಒಂದೇ, ಒಂದು ಬೇರೆ. ಬೇರೆಯದನ್ನು ಹುಡುಕಬೇಕು. 12 ಜನರಲ್ಲಿ 8 ಜನ ಸರಿ ಹೇಳಿದರೆ ವ್ಯತ್ಯಾಸ ನಾಲಿಗೆಗೆ ಗೊತ್ತಾಗುತ್ತಿದೆ ಅನ್ನಬಹುದು.

ಆದರೆ ಲೆಕ್ಕ ಸರಿಯಿದ್ದ ಮಾತ್ರಕ್ಕೆ ಪ್ರಶ್ನೆ ಸರಿಯಿದೆ ಅಂತಲ್ಲ. ಕೋಕಾ ಕೋಲಾ ಕಂಪನಿ ಹೊಸ ರುಚಿಗಾಗಿ ಸುಮಾರು 2 ಲಕ್ಷ ಜನರಿಗೆ ಕುಡಿಸಿ ನೋಡಿತ್ತು. ಜಾಸ್ತಿ ಜನ ಹೊಸದನ್ನೇ ಮೆಚ್ಚಿದ್ದರು. 1985ರ ಏಪ್ರಿಲ್ 23ರಂದು ಹಳೆಯದನ್ನು ತೆಗೆದು ಹೊಸದನ್ನು ತಂದರು. ಜನ ರೊಚ್ಚಿಗೆದ್ದರು. 79 ದಿನದಲ್ಲಿ ಹಳೆಯದು ವಾಪಸ್ ಬಂತು. ಒಂದು ಗುಟುಕಿನಲ್ಲಿ ಯಾವುದು ಚೆನ್ನ ಅಂತ ಕೇಳಿದ್ದರೇ ಹೊರತು, ರೂಢಿಯ ರುಚಿ ಕಿತ್ತುಕೊಂಡರೆ ಹೇಗನ್ನಿಸುತ್ತದೆ ಅನ್ನೋದನ್ನು ಗಟ್ಟಿಯಾಗಿ ಕೇಳಿರಲಿಲ್ಲ. ಚಿಕೋರಿ ವಿಷಯದಲ್ಲಿ ನನಗೆ ಇದೇ ಭಯ. ದಿನಾ ಬೆಳಿಗ್ಗೆ ಚಿಕೋರಿ ಕಾಫಿ ಕುಡಿದು ಬೆಳೆದವರಿಗೆ ಅದೇ ಕಾಫಿ.

ಇನ್ನೊಂದು ಅಪಾಯ ನಾನೇ ಕಂಡದ್ದು. ಕೆಲವು ವರ್ಷದ ಹಿಂದೆ ಒಂದು ಜಾಹೀರಾತು ಸಂಸ್ಥೆಯವರು ಬೆಳೆಗಾರರ ಮುಂದೆ ಕೂತು, ಹಳದಿ ಪ್ಯಾಕೆಟ್ ಹೆಂಗಸರಿಗೆ ಇಷ್ಟ ಅಂತ ಪರೀಕ್ಷೆಯಲ್ಲಿ ಸಾಬೀತಾಗಿದೆ ಅಂದರು. ಕೆದಕಿ ಕೇಳಿದಾಗ ಗೊತ್ತಾಯಿತು. ಬಣ್ಣ, ವಯಸ್ಸು, ಊರು ಅಂತ ಹೆಚ್ಚುಕಮ್ಮಿ 20 ಹೋಲಿಕೆ ಮಾಡಿ, ಗೆಲುವು ಕಂಡ ಒಂದನ್ನು ಮಾತ್ರ ತಂದಿದ್ದರು. ಯಾವ ವ್ಯತ್ಯಾಸವೂ ಇಲ್ಲದಿದ್ದರೂ, ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಯಲ್ಲಿ ಒಂದಾದರೂ ಶೇಕಡಾ 5ರ ಗೆರೆ ದಾಟುವ ಸಾಧ್ಯತೆ ಶೇಕಡಾ 64. ನನಗೆ ನಿಜವಾಗಿ ಸಿಟ್ಟು ಬಂದಿತ್ತು, ಯಾಕೆಂದರೆ ಆ ಪ್ಯಾಕೆಟ್‌ಗೆ ಹೋಗುವುದು ಬೆಳೆಗಾರರ ದುಡ್ಡು. ಪಿ-ವ್ಯಾಲ್ಯೂ ಚಿಕ್ಕದಿದ್ದರೆ ವ್ಯತ್ಯಾಸ ದೊಡ್ಡದು ಅಂತ ಅರ್ಥ ಅಲ್ಲ, ಮುಖ್ಯವಾದದ್ದು ಅಂತಲೂ ಅಲ್ಲ ಅಂತ ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಹೇಳಿಕೆಯನ್ನೇ ಹೊರಡಿಸಬೇಕಾಯಿತು.

ಅಕ್ಕನ ಪರೀಕ್ಷೆಗೆ ಬರೋಣ. "ಲೋಟ ಕೊಡುವಾಗ ಏನಂತ ಹೇಳಿದ್ರಿ?" ಅಂತ ಕೇಳಿದೆ. "ಇದು ನಮ್ದು ಹೊಸದು, ಕುಡಿದು ನೋಡಿ ಅಂದೆ" ಅಂದರು. ಮನೆಯವರೇ ನಿಂತು ಹಾಗೆ ಕೊಟ್ಟರೆ ಯಾವ ಅತಿಥಿ ಬೇಡ ಅಂತಾರೆ? ಈ ದಾಕ್ಷಿಣ್ಯವನ್ನು ಯಾವ ಸೂತ್ರವೂ ತೊಳೆದು ಹಾಕಲಾರದು.

ಹಾಗಾಗಿ ಮೊದಲಿಂದ ಶುರು ಮಾಡಿದೆವು. ಒಂದೇ ಥರದ ಸ್ಟೀಲ್ ಲೋಟ, ತಳದಲ್ಲಿ ಮಾತ್ರ ಗುರುತು. ಅಡುಗೆಮನೆಯಲ್ಲಿ ಮಗ ಕಾಫಿ ತುಂಬಿಸಬೇಕು, ಯಾವುದು ಮೊದಲು ಅಂತ ನಾಣ್ಯ ಹೇಳಬೇಕು. ಅಕ್ಕನಿಗೂ ಗೊತ್ತಿರಬಾರದು. ಒಟ್ಟು 60 ಜನ, ಒಬ್ಬೊಬ್ಬರಿಗೂ ಒಂದೇ ಚೀಟಿ. ಯಾವುದು ಇಷ್ಟ ಅನ್ನೋದರ ಜೊತೆಗೆ "ದಿನಾ ಮನೆಯಲ್ಲಿ ಯಾವುದು ಕುಡೀತೀರಿ?" ಅಂತಲೂ ಕೇಳಬೇಕು. ಕನಿಷ್ಠ 39 ಜನ ಅಪ್ಪಟ ಕಾಫಿ ಅಂದರೆ ಮಾತ್ರ ಹೊಸ ಲೇಬಲ್, ಶೇಕಡಾ 5ರ ಗೆರೆ ದಾಟಲು ಅಷ್ಟು ಬೇಕು. ಆ 39 ಅನ್ನು ಅಕ್ಕ ಮೊದಲೇ ಕ್ಯಾಲೆಂಡರ್ ಮೇಲೆ ಬರೆದಿಟ್ಟರು.

ಚೀಟಿಗಳು ಒಂದು ಹಳೇ ಬಿಸ್ಕತ್ ಡಬ್ಬದಲ್ಲಿವೆ. ನಡುನಡುವೆ ಎಣಿಸಿ, ಚೆನ್ನಾಗಿ ಕಂಡ ಕಡೆ ನಿಲ್ಲಿಸಿದರೆ ಲೆಕ್ಕ ಕೆಡುತ್ತದೆ ಅಂತ ಹೇಳಿದ್ದೆ. ಮೊನ್ನೆ ಹೋದಾಗ ನೋಡಿದೆ. ಮುಚ್ಚಳದ ಸುತ್ತ ಟೇಪ್ ಸುತ್ತಿ, ಚೀಟಿ ಹಾಕಲು ಮೇಲೆ ಒಂದು ಸೀಳು ಮಾಡಿಸಿದ್ದರು. 41 ಜನರದ್ದು ಆಗಿದೆ, ಇನ್ನು 19.