ಲಂಚ ಇಲ್ಲಿ, ಕೇಸು ಅಲ್ಲಿ: ವಿದೇಶಿ ವ್ಯವಹಾರದ ಕಾನೂನು ಬೆಳೆದು ಬಂದ ಬಗೆ

ಬೆಂಗಳೂರಿನಲ್ಲಿ ಶಾಖೆ ತೆರೆದ ಅಮೆರಿಕದ ಕಂಪನಿಗಳು ಲಂಚದ ವಿಷಯದಲ್ಲಿ ಹೆದರುವುದು ಮುಖ್ಯವಾಗಿ 1977ರ ಎಫ್‌ಸಿಪಿಎಗೆ, ಅಂದರೆ ಹೊರದೇಶದ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ತಡೆಯುವ ಅಮೆರಿಕದ ಕಾಯ್ದೆಗೆ. ವಾಟರ್‌ಗೇಟ್ ಹಗರಣದ ಬೆನ್ನಿಗೆ 400ಕ್ಕೂ ಹೆಚ್ಚು ಕಂಪನಿಗಳು ಅನುಮಾನಾಸ್ಪದ ಪಾವತಿಗಳನ್ನು ಒಪ್ಪಿಕೊಂಡಾಗ ಹುಟ್ಟಿದ್ದು ಅದು. ಆಮೇಲೆ ಎರಡು ದಶಕ ಅಮೆರಿಕ ಒಂಟಿ. ಜರ್ಮನಿಯಲ್ಲಂತೂ ಹೊರದೇಶದಲ್ಲಿ ಕೊಟ್ಟ ಲಂಚವನ್ನು ಖರ್ಚೆಂದು ತೋರಿಸಿ ತೆರಿಗೆ ಉಳಿಸಬಹುದಿತ್ತು. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ ವಿದೇಶಿ ಲಂಚದ ವಿರುದ್ಧ 1997ರಲ್ಲಿ ಮಾಡಿಕೊಂಡ ಒಪ್ಪಂದ, 2008ರಲ್ಲಿ ಲಂಚದ ಕೇಸಿನಲ್ಲಿ ಜರ್ಮನಿಯ ಸೀಮೆನ್ಸ್ ಕಂಪನಿ ತೆತ್ತ ಸುಮಾರು 160 ಕೋಟಿ ಡಾಲರ್, ಬ್ರಿಟನ್‌ನ 2010ರ ಲಂಚ ತಡೆ ಕಾಯ್ದೆ ಬಂದ ಮೇಲೆ ಗಾಳಿ ತಿರುಗಿತು.

ಲಂಚ ಕೈ ಬದಲಾಯಿಸಿದ್ದನ್ನು ಸಾಬೀತು ಮಾಡುವುದು ಕಷ್ಟ. ಹಾಗಾಗಿ ಅಮೆರಿಕದ ಷೇರುಪೇಟೆಯಲ್ಲಿ ಲಿಸ್ಟ್ ಆದ ಕಂಪನಿಗಳ ಮೇಲೆ, ಲೆಕ್ಕ ಸರಿಯಾಗಿ ಇಡಬೇಕೆನ್ನುವ ಎಫ್‌ಸಿಪಿಎ ಕಲಮುಗಳೇ ಹೆಚ್ಚು ಬೀಳುತ್ತವೆ. ಸರ್ಕಾರಿ ಸಂಸ್ಥೆಗೆ ಸಾಫ್ಟ್‌ವೇರ್ ಮಾರುವಾಗ ನಡುವೆ ಡೀಲರ್ ಇರುತ್ತಾನೆ. 'ಪೈಪೋಟಿ ಜೋರಾಗಿದೆ' ಎಂದು ಬರೆದು ಮಾರಾಟದವರು ದೊಡ್ಡ ಡಿಸ್ಕೌಂಟ್ ಮಂಜೂರು ಮಾಡಿಸಿಕೊಳ್ಳುತ್ತಾರೆ. ಅದು ಗ್ರಾಹಕನಿಗೆ ತಲುಪದೆ ಡೀಲರ್ ಬಳಿ ಉಳಿದರೆ ಕೈಬಿಸಿ ಮಾಡುವ ದುಡ್ಡು ತಯಾರು. 2022ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ, ಸಾಫ್ಟ್‌ವೇರ್ ಕಂಪನಿ ಒರಾಕಲ್ ಜೊತೆ 2.3 ಕೋಟಿ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡ ಪ್ರಕರಣದ ಭಾರತದ ಭಾಗ ಓದಿ ನೋಡಬೇಕು. ರೈಲ್ವೆ ಸಚಿವಾಲಯದ ಬಹುಪಾಲು ಒಡೆತನದ ಸಾರಿಗೆ ಕಂಪನಿಯ ವ್ಯವಹಾರದಲ್ಲಿ ಶೇ 70ರ ಡಿಸ್ಕೌಂಟ್ ಕೇಳಲಾಗಿತ್ತು, ಕಾರಣ, ಪೈಪೋಟಿ. ಆದರೆ ಒರಾಕಲ್ ಉತ್ಪನ್ನವೇ ಬೇಕೆಂದು ಆ ಗ್ರಾಹಕ ಸಂಸ್ಥೆಯ ಖರೀದಿ ವೆಬ್‌ಸೈಟಿನಲ್ಲೇ ಇತ್ತು! ಫ್ರಾನ್ಸಿನಲ್ಲಿ ಕೂತ ಒರಾಕಲ್‌ನವರು ದಾಖಲೆ ಕೇಳದೆ ಒಪ್ಪಿಗೆ ಕೊಟ್ಟರು. ಒಬ್ಬ ಅಧಿಕಾರಿಗೆ ಕೊಡಲು 67,000 ಡಾಲರ್ 'ಬಫರ್' ಎಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಟ್ಟಿದ್ದೂ ಸಿಕ್ಕಿತು. ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ ಕಂಪನಿ ದುಡ್ಡು ಕಟ್ಟಿತು. ಟೆಂಡರ್ ಷರತ್ತನ್ನೂ ಡೀಲರ್ ಗ್ರಾಹಕನಿಗೆ ಕೊಟ್ಟ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಅರ್ಧ ಗಂಟೆಯ ಕೆಲಸ.

ನಮ್ಮ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾಯಿತು. 9ನೇ ಕಲಮಿನಡಿ ಕಂಪನಿಗೆ ದಂಡ ಮಾತ್ರ. 10ನೇ ಕಲಮಿನಡಿ ಸಮ್ಮತಿ ಕೊಟ್ಟ ನಿರ್ದೇಶಕ, ಅಧಿಕಾರಿಗೆ 3ರಿಂದ 7 ವರ್ಷ ಜೈಲು. ಬಲವಂತಕ್ಕೆ ಲಂಚ ಕೊಟ್ಟವರು 7 ದಿನದಲ್ಲಿ ದೂರು ಕೊಟ್ಟರೆ ಬಚಾವ್. ಕಾಗದದ ಮೇಲೆ ಚೆನ್ನಾಗಿದೆ. ವೈಟ್‌ಫೀಲ್ಡ್ ಕಂಟೇನರ್ ಡಿಪೋದಲ್ಲಿ ಕಸ್ಟಮ್ಸ್ ಒಪ್ಪಿಗೆ ಸಿಗದೆ ಸರಕು ನಿಂತು ದಿನದಿನ ಬಾಡಿಗೆ ಏರುವಾಗ, ನಾಳೆಯೂ ಅದೇ ಕೌಂಟರಿಗೆ ಹೋಗಬೇಕಾದವನು ದೂರು ಬರೆಯುತ್ತಾನೆಯೇ? ಸರಕು ಬಿಡಿಸಿಕೊಡುವ ಏಜೆಂಟನ ಬಿಲ್ಲಿನಲ್ಲಿ ರಸೀದಿಯಿಲ್ಲದ 'ಇತರೆ ಖರ್ಚು' ಎಂಬ ಸಾಲು ಸೇರುವುದು ಹೀಗೆ.

ಪೀಣ್ಯದ ಕಾರ್ಖಾನೆಯೊಂದು ಬೇರೆ ದೇಶದ ಅಧಿಕಾರಿಗೆ ಲಂಚ ಕೊಟ್ಟರೆ ಈ ಕಾಯ್ದೆ ನೇರವಾಗಿ ತಟ್ಟುವುದಿಲ್ಲ. ಅದಕ್ಕೆಂದೇ 2011ರಲ್ಲಿ ಮಂಡಿಸಿದ ಮಸೂದೆ 2014ರಲ್ಲಿ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು. ಅದೇ 2011ರಲ್ಲಿ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಪ್ಪಂದವನ್ನು ಭಾರತ ಅನುಮೋದಿಸಿತ್ತು. ಒಇಸಿಡಿ ಒಪ್ಪಂದಕ್ಕೆ ಮಾತ್ರ ಸೇರಿಲ್ಲ.

2025ರ ಫೆಬ್ರುವರಿಯಲ್ಲಿ ಟ್ರಂಪ್ ಹೊಸ ಎಫ್‌ಸಿಪಿಎ ಕೇಸುಗಳಿಗೆ ತಾತ್ಕಾಲಿಕ ತಡೆ ಹಾಕಿದರು. ಚೆನ್ನೈ ಕ್ಯಾಂಪಸ್ ಪರವಾನಗಿಗೆ ಲಂಚ ಕೊಟ್ಟ ಆರೋಪದಲ್ಲಿ ಐಟಿ ಕಂಪನಿ ಕಾಗ್ನಿಜೆಂಟ್‌ನ ಇಬ್ಬರು ಮಾಜಿ ಅಧಿಕಾರಿಗಳ ಮೇಲಿದ್ದ 2019ರ ಮೊಕದ್ದಮೆಯನ್ನು ಅಮೆರಿಕ ಸರ್ಕಾರ ಏಪ್ರಿಲ್‌ನಲ್ಲಿ ಕೈಬಿಟ್ಟಿತು. ಜೂನ್‌ನಲ್ಲಿ ಇಂಥ ಕೇಸು ಹಾಕುವುದಕ್ಕೆ ಹೊಸ ಮಾರ್ಗಸೂಚಿ ಬಂತು. ಕಾಯ್ದೆ ಮಾತ್ರ ರದ್ದಾಗಿಲ್ಲ, ಲಂಚದ ಕೇಸಿಗೆ ಕಾಲಮಿತಿ 5 ವರ್ಷ. ಈಗ ಸಹಿ ಹಾಕಿದ ಡಿಸ್ಕೌಂಟನ್ನು ಮುಂದಿನ ಸರ್ಕಾರ ಕೆದಕಬಹುದು.