ಭ್ರೂಣ: 56 ದಿನದ ಹೆಸರು

'ಏಳು ತಿಂಗಳ ಭ್ರೂಣ' ಎಂಬ ತಲೆಬರಹ ಮತ್ತೆ ಕಣ್ಣಿಗೆ ಬಿತ್ತು. ಏಳು ತಿಂಗಳಿಗೆ ಭ್ರೂಣ ಇರುವುದಿಲ್ಲ ಸ್ವಾಮಿ. ಕಣ್ಣು, ಮೂಗು, ಉಗುರು ಎಲ್ಲ ಮೂಡಿ, ಆಗಲೇ ಹುಟ್ಟಿದರೂ ಆಸ್ಪತ್ರೆಯ ಆರೈಕೆಯಲ್ಲಿ ಬದುಕಬಲ್ಲ ಮಗು ಅದು. ಭ್ರೂಣ ಎನ್ನುವುದು ಗರ್ಭ ಕಟ್ಟಿದ ಮೇಲಿನ ಮೊದಲ ಎಂಟು ವಾರಕ್ಕಷ್ಟೇ ಸಲ್ಲುವ ಹೆಸರು.

ತುಮಕೂರಿನ ಸ್ಕ್ಯಾನಿಂಗ್ ಸೆಂಟರುಗಳ ಗೋಡೆಯ ಮೇಲೆ 'ಭ್ರೂಣಲಿಂಗ ಪತ್ತೆ ಅಪರಾಧ' ಎಂಬ ಬೋರ್ಡನ್ನು ಎಲ್ಲರೂ ನೋಡಿದ್ದೇವೆ. ಆ ಬೋರ್ಡಿಗೆ ಕಾರಣವಾದ 1994ರ ಕಾಯ್ದೆಯ ವ್ಯಾಖ್ಯೆಗಳನ್ನು ಓದಿದವರು ಮಾತ್ರ ಕಡಿಮೆ. ಅದರ ಪ್ರಕಾರ ಫಲಿತವಾದಾಗಿನಿಂದ 56 ದಿನ ಎಂಬ್ರಿಯೋ, 57ನೇ ದಿನದಿಂದ ಹೆರಿಗೆಯವರೆಗೆ ಫೀಟಸ್. ಕನ್ನಡದ ಬೋರ್ಡು ಎರಡನ್ನೂ ಭ್ರೂಣದ ತಲೆಗೆ ಕಟ್ಟಿತು. ಸ್ಕ್ಯಾನಿನಲ್ಲಿ ಹೆಣ್ಣೋ ಗಂಡೋ ಕಾಣುವ ಹೊತ್ತಿಗೆ ಭ್ರೂಣದ ಕಾಲ ಮುಗಿದೇ ಹೋಗಿರುತ್ತದೆ.

ಹಂತಕ್ಕೊಂದು ಹೆಸರಿಡುವುದು ನಮಗೆ ಹೊಸದೇನಲ್ಲ. ಸುಶ್ರುತ ಸಂಹಿತೆಯಲ್ಲಿ ಮೊದಲ ತಿಂಗಳಿನದು ಕಲಲ. ಎರಡನೆಯ ತಿಂಗಳು ಗಟ್ಟಿಯಾಗಿ ಪಿಂಡವೋ ಪೇಶಿಯೋ ಆಗುತ್ತದೆ, ಮೂರರಲ್ಲಿ ಕೈಕಾಲು ತಲೆಗಳ ಐದು ಮೊಳಕೆ. ನಾಲ್ಕರಲ್ಲಿ ಹೃದಯ ಗೋಚರಿಸುತ್ತದೆಂದು ಹೇಳಿ, ಎರಡು ಹೃದಯದವಳಾದ ತಾಯಿಯನ್ನು ದೌಹೃದಿನಿ ಎನ್ನುತ್ತದೆ. ಅವಳ ಬಯಕೆ ಒಳಗಿನ ಕೂಸಿನ ಬಯಕೆ, ಈಡೇರಿಸಲೇಬೇಕು ಎಂಬ ಮಾತು ಅಷ್ಟು ಹಳೆಯದು. ಪಿಂಡ ಒಳ್ಳೆಯ ಪದವೇ. ಆದರೆ ಶ್ರಾದ್ಧದ ಎಲೆಯ ಮೇಲೆ ಕೂತ ಆ ಪದವನ್ನು ಬಸುರಿಯ ಮುಂದೆ ಆಡುವವರು ಯಾರು? ಊರ ಕಡೆ ಇದ್ಯಾವುದರ ಗೊಡವೆಯೂ ಇಲ್ಲ. ಬಸಿರು ಎಂದರೆ ಹಳಗನ್ನಡದಲ್ಲಿ ಹೊಟ್ಟೆ. ಪಾವಗಡ, ಬಾಗೇಪಲ್ಲಿಯ ತೆಲುಗಿನವರೂ 'ಕಡುಪು' ಎಂದು ಹೊಟ್ಟೆಯನ್ನೇ ಹೇಳುತ್ತಾರೆ. ಒಳಗಿರುವುದು ಮೊದಲ ದಿನದಿಂದಲೇ ಮಗು. ಅವರ ಮೇಲೆ ನನ್ನ ತಕರಾರಿಲ್ಲ, ಶಾಸ್ತ್ರದ ಪದ ಬೇಕೆಂದು ಹೋಗಿ ತಪ್ಪಾಗಿ ಎತ್ತಿಕೊಂಡವರ ಮೇಲೆ ಇದೆ.

ಇದಕ್ಕಿಂತ ದೊಡ್ಡ ಗೊಂದಲ ವಾರದ ಲೆಕ್ಕದ್ದು. ರಿಪೋರ್ಟಿನಲ್ಲಿ 'ಏಳು ವಾರ' ಎಂದಿದ್ದರೆ ಭ್ರೂಣಕ್ಕೆ ಏಳು ವಾರ ಎಂದಲ್ಲ, ಸುಮಾರು ಐದು. ಡಾಕ್ಟರು ಎಣಿಸುವುದು ಕಡೇ ಮುಟ್ಟಿನ ಮೊದಲ ದಿನದಿಂದ. ಗರ್ಭ ಕಟ್ಟುವುದು ಅದಾಗಿ ಹೆಚ್ಚುಕಡಿಮೆ ಎರಡು ವಾರಕ್ಕೆ. ಮದುವೆಯಾಗಿ ಐದು ವಾರ, ಸ್ಕ್ಯಾನಿನಲ್ಲಿ ಏಳು ವಾರ ಎಂದು ಹೊಸ ಸೊಸೆಯ ಕಡೆ ಓರೆಗಣ್ಣು ಬಿಡುವ ಮನೆಗಳಿವೆ. ಲೆಕ್ಕ ಸರಿಯಾಗಿಯೇ ಇದೆ, ತಪ್ಪಿರುವುದು ಓದಿದವರ ತಿಳಿವಳಿಕೆ. 'ಮುಟ್ಟು ನಿಂತು ಎರಡು ತಿಂಗಳು' ಎನ್ನುವುದು ಮೂರನೆಯ ಲೆಕ್ಕ. ಕೆಲವರು ಕಡೇ ಮುಟ್ಟಿನಿಂದ ಎಣಿಸುತ್ತಾರೆ, ಕೆಲವರು ತಪ್ಪಿದ ತಾರೀಖಿನಿಂದ. ಎರಡರ ನಡುವೆ ಒಂದು ತಿಂಗಳೇ ವ್ಯತ್ಯಾಸ. ಆಶಾ ಕಾರ್ಯಕರ್ತೆ ತಾರೀಖು ಕೇಳಿದರೆ 'ಸಿದ್ಧಗಂಗೆ ಜಾತ್ರೆ ಮುಗಿದ ಮೇಲೆ ಆಗಿಲ್ಲ' ಎಂದು ಉತ್ತರ ಬರುತ್ತದೆ. ತಾಯಿ ಕಾರ್ಡಿನಲ್ಲಿ ಬರೆಯಬೇಕಾದವರ ಪಾಡು ಕೇಳಬೇಡಿ.

ಡಾಕ್ಟರ ಲೆಕ್ಕಕ್ಕೂ ಭ್ರೂಣದ ವಯಸ್ಸಿಗೂ ನಡುವಿನ ಈ ಎರಡು ವಾರ ಏಕೆ ಮುಖ್ಯ? ಗರ್ಭ ಕಟ್ಟಿ ಮೂರು ವಾರ ದಾಟುವಷ್ಟರಲ್ಲಿ ಹೃದಯ ಮಿಡಿಯತೊಡಗುತ್ತದೆ. ಮಿದುಳು, ಬೆನ್ನುಹುರಿ ಆಗಬೇಕಾದ ನಳಿಕೆ 28ನೇ ದಿನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಆಗಿನ್ನೂ ಮುಟ್ಟು ತಪ್ಪಿ ಎರಡು ವಾರ. ಎಷ್ಟೋ ಜನ ಟೆಸ್ಟನ್ನೂ ಮಾಡಿಕೊಂಡಿರುವುದಿಲ್ಲ. ಆ ನಳಿಕೆ ಸರಿಯಾಗಿ ಮುಚ್ಚಲು ನೆರವಾಗುವ ಫೋಲಿಕ್ ಆಸಿಡ್ ಮಾತ್ರೆಯನ್ನು ಬಸುರಾಗುವ ಮೊದಲೇ ಶುರುಮಾಡಿ ಎನ್ನುವುದು ಅದಕ್ಕೇ.

ಬಸಿರಿನ ಲಕ್ಷಣಗಳಲ್ಲಿ ಸುಸ್ತು, ಸ್ತನಗಳ ಬಿಗಿತ, ಪದೇ ಪದೇ ಮೂತ್ರ ಎಲ್ಲರಿಗೂ ಗೊತ್ತಿರುವವೇ. ವಾಕರಿಕೆ ರಿಪೋರ್ಟಿನ ಲೆಕ್ಕದ ಆರನೇ ವಾರದ ಆಸುಪಾಸು ಹಿಡಿದು, ಒಂಬತ್ತರ ಸುಮಾರಿಗೆ ಜೋರಾಗಿ, ಹೆಚ್ಚಿನವರಿಗೆ ನಾಲ್ಕನೇ ತಿಂಗಳಲ್ಲಿ ಇಳಿಯುತ್ತದೆ. ಅದಕ್ಕೆ ಬೆಳಗಿನ ಹೊತ್ತೇ ಆಗಬೇಕೆಂದಿಲ್ಲ, ಒಗ್ಗರಣೆ ಘಾಟು ಬಂದರೆ ಸಂಜೆಯೂ ಆದೀತು. ವಾಂತಿಯೇ ಆಗಲಿಲ್ಲವೆಂದು ಹೆದರುವವರೂ ಇದ್ದಾರೆ, ಹೆದರಬೇಕಿಲ್ಲ. ಕುಡಿದ ನೀರೂ ನಿಲ್ಲದಿದ್ದರೆ, ರಕ್ತ ಕಂಡರೆ, ಕೆಳಹೊಟ್ಟೆಯ ಒಂದೇ ಪಕ್ಕ ನೋವು ಬಂದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ. ಅಲ್ಲಿ ಮೊದಲು ಕೇಳುವುದೂ ಕಡೇ ಮುಟ್ಟಿನ ತಾರೀಖನ್ನೇ.